ಹನ್ನೆರಡು ಶನಿವಾರಗಳು, ಒಂದೇ ಕಮಿಟ್

ಮಾರ್ಗದರ್ಶನ ಸಮಿತಿಯ ಮಾನ್ಯ ಅಧ್ಯಕ್ಷರೇ,

ಮೊದಲು ಅಮೆರಿಕದ ನಮ್ಮ ಕನ್ನಡ ಸಂಘದ ಸಮಸ್ತರಿಗೂ ನಮಸ್ಕಾರ. 2020ರಲ್ಲಿ, ಎಲ್ಲರೂ ಬಾಗಿಲು ಹಾಕಿಕೊಂಡು ಕುಳಿತಿದ್ದ ದಿನಗಳಲ್ಲಿ, ನಮಗೆ ಒದಗಿದ ವಿದ್ಯೆ ಆಫ್ರಿಕಾದ ವಿಶ್ವವಿದ್ಯಾಲಯಗಳ ಮಕ್ಕಳಿಗೂ ತಲುಪಲಿ ಎಂದು, ಹನ್ನೆರಡು ವಾರ ದೂರದಿಂದಲೇ ಕೋಡ್ ಕಲಿಸುವ ಈ ಯೋಜನೆಗೆ ಅಡಿಗಲ್ಲು ಹಾಕಿದ ಡರ್ಹಮ್‌ನ ಶಿವಬಸಪ್ಪ ಅಂಕಲ್ ಅವರಿಗೆ, ಅವರೊಡನೆ ದುಡಿದ ಹಿರಿಯರಿಗೆ ಕೃತಜ್ಞತೆಗಳು. ಇದನ್ನು ಬ್ಯಾಲಂಟೈನ್‌ನ ವಾರ್ಷಿಕ ಸಭೆಯಲ್ಲಿ ನಿಂತು ಹೇಳಬೇಕೆಂದಿದ್ದೆ. ಕಾರ್ಯಸೂಚಿಯಲ್ಲಿ ಮೂರು ನಿಮಿಷಕ್ಕೂ ಜಾಗವಿಲ್ಲವೆಂದು ತಿಳಿಸಿದಿರಿ. ಆದ್ದರಿಂದ ಸಂಘದ ಪತ್ರಿಕೆಯ ಪುಟ ಹುಡುಕಿಕೊಂಡಿದ್ದೇನೆ.

ನನ್ನ ದೂರು ಇಷ್ಟು: ಮಲಾವಿ ದೇಶದ ಜೋಂಬಾ ಊರಿನ, ನಾನು ಮೆಂಟರ್ ಆಗಿ ಕಲಿಸಿದ ವಿದ್ಯಾರ್ಥಿನಿ ತಿಯಾಮಿಕೆಯನ್ನು ತಾವು ‘ಭಾಗವಹಿಸುವಿಕೆ ಸಾಲದು’ ಎಂಬ ಎರಡು ಪದಗಳಿಂದ ಅನುತ್ತೀರ್ಣಳೆಂದು ಘೋಷಿಸಿದ್ದೀರಿ. ಆಕೆಯ ವಿಭಾಗ ನಮ್ಮ ಪ್ರಮಾಣಪತ್ರವನ್ನೇ ಅಂತಿಮ ವರ್ಷದ ಪ್ರಾಜೆಕ್ಟ್ ಎಂದು ಒಪ್ಪಿಕೊಳ್ಳುತ್ತದೆ. ಜೂನ್ ಹದಿನೈದರೊಳಗೆ ಅದು ತಲುಪದಿದ್ದರೆ ಹುಡುಗಿ ಒಂದು ವರ್ಷ ಹಿಂದೆ ಬೀಳುತ್ತಾಳೆ. ತಮ್ಮ ಎರಡು ಪದಗಳ ತೂಕ ಎಷ್ಟೆಂದು ತಿಳಿದಿರಲಿ.

ಆಕೆ ಆರಿಸಿಕೊಂಡದ್ದು ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ಮಕ್ಕಳ ಲಸಿಕೆಯ ದಾಖಲೆ ಇಡುವ ಒಂದು ಮುಕ್ತ ತಂತ್ರಾಂಶವನ್ನು. ಯಾರು ಬೇಕಾದರೂ ಓದಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಕೋಡ್ ಅದು. ಅದರಲ್ಲೊಂದು ದೋಷವಿತ್ತು: ನರ್ಸ್ ಬರೆಯುತ್ತಿರುವಾಗ ಇಂಟರ್ನೆಟ್ ಸಂಪರ್ಕ ಕಡಿದರೆ ಬರೆದದ್ದೆಲ್ಲ ಮಾಯ. ನಾನು ಫೇರ್‌ಫ್ಯಾಕ್ಸ್‌ನಲ್ಲಿ ಹದಿನೆಂಟು ವರ್ಷಗಳಿಂದ ಕೋಡ್ ಬರೆಯುತ್ತಿದ್ದೇನೆ. ಅದು ದೋಷವೆಂದೇ ನನಗೆ ಹೊಳೆದಿರಲಿಲ್ಲ. ಆಕೆಗೆ ಹೊಳೆಯಿತು, ಏಕೆಂದರೆ ಆಕೆಯ ಊರಿನಲ್ಲಿ ಸಂಪರ್ಕ ಕಡಿಯದ ದಿನವಿಲ್ಲ.

ಪ್ರತಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ, ಅಲ್ಲಿ ಮಧ್ಯಾಹ್ನ ಮೂರು, ಆಕೆ ವಿಶ್ವವಿದ್ಯಾಲಯದ ಲ್ಯಾಬಿನಿಂದ ಕರೆ ಮಾಡುತ್ತಿದ್ದಳು. ಮೊದಲ ಮಾತು ಯಾವಾಗಲೂ ಒಂದೇ: “ಮೇಡಂ, ನಮ್ಮಲ್ಲಿ ಕರೆಂಟ್ ಇದೆ. ನಿಮ್ಮಲ್ಲಿ?” ಒಮ್ಮೆ ಬಿರುಗಾಳಿಗೆ ನಮ್ಮ ಬೀದಿಯದೇ ಹೋಗಿತ್ತು. ಫೋನಿನಲ್ಲಿ ಅದನ್ನು ಹೇಳಿದಾಗ ಆಕೆ ನಕ್ಕ ನಗು ಇನ್ನೂ ಕಿವಿಯಲ್ಲಿದೆ. “ಹಾಗಾದರೆ ಇವತ್ತು ನಾನೇ ನಿಮಗೆ ಮೆಂಟರ್. ಮೊದಲನೇ ಪಾಠ, ಮೇಡಂ: ಕಾಯಿರಿ.”

ವಾರವಿಡೀ ತನ್ನ ಲ್ಯಾಪ್‌ಟಾಪಿನಲ್ಲಿ ಬರೆದು, ಶನಿವಾರ ನನಗೆ ಮಿಂಚಂಚೆಯಲ್ಲಿ ಕಳುಹಿಸುತ್ತಿದ್ದಳು. ಪ್ರತಿ ಸಣ್ಣ ಬದಲಾವಣೆಯನ್ನೂ ದಿನಾಂಕ ಹಾಕಿ ಉಳಿಸುವ ಹೆಜ್ಜೆಗೆ ನಮ್ಮ ವೃತ್ತಿಯಲ್ಲಿ ಕಮಿಟ್ ಎನ್ನುತ್ತೇವೆ. ಹನ್ನೆರಡನೆಯ ವಾರದ ಹೊತ್ತಿಗೆ ಅಂಥವು ನಲವತ್ತಾರು ಇದ್ದವು. ಎಡವಿದ್ದು, ಹಿಂದೆ ಸರಿದದ್ದು, ‘ಇದು ಏಕೆ ಕೆಲಸ ಮಾಡುತ್ತಿದೆಯೋ ಗೊತ್ತಿಲ್ಲ’ ಎಂಬ ಪ್ರಾಮಾಣಿಕ ಟಿಪ್ಪಣಿ, ಎಲ್ಲವೂ.

ಇಲ್ಲಿ ನನ್ನ ತಪ್ಪು ಬರುತ್ತದೆ, ಮುಚ್ಚಿಡುವುದಿಲ್ಲ. ನೀವೂ ನಾನೂ ಮೈಸೂರಿನ ಶಾಲೆಗಳಲ್ಲಿ ಕಲಿತವರು. ರಫ್ ಪುಸ್ತಕ ಬೇರೆ, ಫೇರ್ ಪುಸ್ತಕ ಬೇರೆ. ಮೇಷ್ಟ್ರ ಮೇಜಿಗೆ ಹೋಗುವುದು ಫೇರ್ ಪುಸ್ತಕ ಮಾತ್ರ. ರಫ್ ಪುಸ್ತಕ ಹೋದರೆ ಬೆರಳ ಗಂಟಿನ ಮೇಲೆ ಸ್ಕೇಲು. ಅದೇ ಶಿಸ್ತನ್ನು ನಾನು ತಿಯಾಮಿಕೆಗೆ ಕಲಿಸಿದೆ. ನಲವತ್ತಾರನ್ನೂ ಸೇರಿಸಿ ಒಂದೇ ಅಚ್ಚುಕಟ್ಟಾದ ಕಮಿಟ್ ಮಾಡು, ಹಳೆಯದನ್ನು ಅಳಿಸಿಬಿಡು ಎಂದೆ. “ಎಲ್ಲವನ್ನೂ ಅಳಿಸಲೇ?” ಎಂದು ಎರಡು ಸಲ ಕೇಳಿದಳು. ಎಲ್ಲವನ್ನೂ, ಎಂದೆ. ಅಳಿಸಿದಳು. ತಂತ್ರಾಂಶದ ನಿರ್ವಾಹಕರು ಆ ಒಂದನ್ನು ಓದಿ, ಮೆಚ್ಚಿ, ಸೇರಿಸಿಕೊಂಡರು. ಈಗ ಸಂಪರ್ಕ ಕಡಿದರೂ ಮಗುವಿನ ದಾಖಲೆ ಉಳಿಯುತ್ತದೆ.

ವಿದ್ಯಾರ್ಥಿಗಳ ಕಮಿಟ್‌ಗಳನ್ನು ಎಣಿಸಿ ತೋರಿಸುವ ತಮ್ಮ ಪರದೆ ಮಾತ್ರ ಆಕೆಯನ್ನು ಉಳಿಸಲಿಲ್ಲ. ಕಾರಣ ಕೇಳಲು ಫೋನ್ ಮಾಡಿದಾಗ ತಾವು ಹೇಳಿದ್ದು ನೆನಪಿದೆಯೇ?

“ನೋಡಿ ರಾಜಲಕ್ಷ್ಮಿಯವ್ರೇ, ಡ್ಯಾಶ್‌ಬೋರ್ಡ್‌ನಲ್ಲಿ ಟ್ವೆಲ್ವ್ ವೀಕ್ಸ್‌ಗೆ ಒಂದೇ ಕಮಿಟ್ ತೋರಿಸ್ತಿದೆ. ನಾನೇನ್ ಮಾಡ್ಲಿ?”

“ಸಾರ್, ಆ ಒಂದನ್ನ ಓದಿದ್ರಾ?”

“ಇನ್ನೂರು ಸ್ಟೂಡೆಂಟ್ಸ್ ಇದಾರೆ. ಎಲ್ಲಾರ್ದೂ ಓದ್ತಾ ಕೂತ್ರೆ ಆಗತ್ತಾ? ನೀವೇ ಹೇಳಿ.”

ಆಗುವುದಿಲ್ಲ, ನಿಜ. ಓದುವುದಕ್ಕಿಂತ ಎಣಿಸುವುದು ಸುಲಭ. ಆದರೆ ಎಲ್ಲರೂ ಮನೆಯಿಂದ ಅಡುಗೆ ತರುವ ಯುಗಾದಿಯ ಪಾಟ್‌ಲಕ್‌ನಲ್ಲಿ ಯಾರ ಅಡುಗೆ ರುಚಿ ಎಂದು ತಾವು ಸಿಂಕಿನಲ್ಲಿರುವ ಪಾತ್ರೆ ಎಣಿಸಿ ಹೇಳುತ್ತೀರಾ? ತಮ್ಮ ಲೆಕ್ಕದಲ್ಲಿ ಒಂದೊಂದು ಅಲ್ಪವಿರಾಮಕ್ಕೆ ಒಂದೊಂದು ಕಮಿಟ್ ಹಾಕಿದವನೇ ಜಾಣ. ದಿನವಿಡೀ ಸಂಪರ್ಕವಿದ್ದವನೇ ಶ್ರಮಜೀವಿ. ಸಂಪರ್ಕ ಕಡಿದಾಗ ಏನೂ ಕಳೆದುಹೋಗದಂತೆ ಕೋಡ್ ಬರೆದ ಹುಡುಗಿಯನ್ನು, ಸಂಪರ್ಕದಲ್ಲಿರಲಿಲ್ಲವೆಂದು ಕಳೆದುಕೊಂಡ ಸಮಿತಿ ಬೇರೆಲ್ಲಾದರೂ ಇದೆಯೇ? ಆಫ್ರಿಕಾದ ಮಕ್ಕಳಿಗೆ ಕೈಚಾಚುತ್ತೇವೆಂದು ಭಾಷಣ ಮಾಡಿ, ಅವರ ಊರಿನ ಕರೆಂಟನ್ನೂ ಅವರ ಅಂಕಪಟ್ಟಿಗೇ ಸೇರಿಸುವುದು ಎಂಥ ಮಾರ್ಗದರ್ಶನ?

ಫೋನ್ ಇಟ್ಟು ನಾನು ಅಡುಗೆಮನೆಯಲ್ಲಿ ಕೂಗಾಡುತ್ತಿದ್ದೆ. ಹೈಸ್ಕೂಲಿನಲ್ಲಿರುವ ಮಗಳು ಅಮೂಲ್ಯಾ ತಲೆಯೆತ್ತಿ ಹೇಳಿದಳು: “ಬಟ್ ಅಮ್ಮಾ, ಕ್ಲೀನ್ ಮಾಡು ಅಂತ ನೀನೇ ಹೇಳಿದ್ದು, ಅಲ್ವಾ? ಶಿ ಜಸ್ಟ್ ಲಿಸನ್ಡ್ ಟು ಯೂ.” ಅಲ್ಲಿಗೆ ನನ್ನ ಕೂಗಾಟ ನಿಂತಿತು.

ಮರುದಿನ ತಿಯಾಮಿಕೆಯಿಂದ ಒಂದು ಸಂದೇಶ ಬಂತು. “ಮೇಡಂ, ನೀವು ಹೇಳಿದ ಹಾಗೆಯೇ ಮಾಡಿದೆ. ಎಲ್ಲಿ ತಪ್ಪಿದೆ ಎಂದು ತಿಳಿಸಿದರೆ ತಿದ್ದಿಕೊಳ್ಳುತ್ತೇನೆ.” ಅಷ್ಟೇ. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ತಪ್ಪು ನನ್ನದು, ನಿನ್ನದಲ್ಲ ಎಂದು ಬರೆದೆ. ಉತ್ತರ ಬರಲಿಲ್ಲ. ಮೂರು ಶನಿವಾರಗಳಾದವು, ಒಂಬತ್ತಕ್ಕೆ ಪರದೆ ತೆರೆದು ಕೂರುತ್ತೇನೆ, ಅದರಲ್ಲಿ ನನ್ನ ಮುಖವೊಂದೇ ಕಾಣುತ್ತದೆ. ಇವರೆಲ್ಲ ನಮ್ಮಂಥವರೇ ಎಂದು ನಂಬಿ ಬಂದ ಮಗು, ಈ ಕೆಲಸ ನನ್ನಂಥವರಿಗಲ್ಲ ಎಂದುಕೊಂಡು ಎದ್ದುಹೋದರೆ, ಯಾವ ಡ್ಯಾಶ್‌ಬೋರ್ಡ್ ಅದನ್ನು ತೋರಿಸುತ್ತದೆ, ಸಾರ್?

ನನ್ನ ಬೇಡಿಕೆ ದೊಡ್ಡದಲ್ಲ. ಆಕೆ ಕಳುಹಿಸಿದ ಹನ್ನೆರಡು ಮಿಂಚಂಚೆಗಳು ನನ್ನಲ್ಲಿವೆ. ಆಕೆ ಅಳಿಸಿದ್ದೆಲ್ಲವೂ ಅವುಗಳೊಳಗಿದೆ. ನಿಯಮದ ಪ್ರಕಾರ ಜಾಲತಾಣದಲ್ಲಿ ಇರುವುದು ಮಾತ್ರ ದಾಖಲೆ ಎಂದಿದ್ದಿರಿ. ಆ ನಿಯಮವನ್ನು ಬರೆದವರು ನಾವೇ, ತಿದ್ದಬಲ್ಲವರೂ ನಾವೇ. ಮುಕ್ತ ತಂತ್ರಾಂಶದ ಮೊದಲ ಪಾಠವೇ ಅದಲ್ಲವೇ? ಆ ಮಿಂಚಂಚೆಗಳನ್ನು ಓದಿ. ಓದಿದ ಮೇಲೂ ಸಾಲದೆನಿಸಿದರೆ ಆಕೆಗೆ ನೀವೇ ಕಾರಣ ಬರೆಯಿರಿ, ಎರಡು ಪದಗಳಲ್ಲಿ ಅಲ್ಲ. ಸಾಕೆನಿಸಿದರೆ ಜೂನ್ ಹದಿನೈದರೊಳಗೆ ಆಕೆಯ ವಿಭಾಗಕ್ಕೆ ಪ್ರಮಾಣಪತ್ರ ಕಳುಹಿಸಿ. ಇನ್ನೂರು ಮಕ್ಕಳದನ್ನೂ ಒಬ್ಬರೇ ಓದಲಾಗದು, ಒಪ್ಪಿದೆ. ಅಟ್ಲಾಂಟಾದಿಂದ ಫೇರ್‌ಫ್ಯಾಕ್ಸ್‌ವರೆಗೆ ಕೋಡ್ ಓದಬಲ್ಲ ಕನ್ನಡಿಗರಿಗೆ ಬರವೇ? ಈ ಪುಟ ಓದುತ್ತಿರುವ ನೀವೆಲ್ಲ ತಲಾ ಇಬ್ಬರನ್ನು ಹಂಚಿಕೊಳ್ಳಿ.

ಬರುವ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಪರದೆ ತೆರೆದಿಟ್ಟಿರುತ್ತೇನೆ. ತಾವೂ ಬನ್ನಿ, ಬಲ್ಲವರೆಲ್ಲ ಬನ್ನಿ. ಮೊದಲ ವಾರದ ಮಿಂಚಂಚೆಯನ್ನು ತೆರೆಯುತ್ತೇನೆ. ಓದಲು ಅಲ್ಲಿಂದ ಆರಂಭಿಸೋಣ.

ಇಂತಿ,
ರಫ್ ಪುಸ್ತಕವನ್ನು ಅಳಿಸಲು ಹೇಳಿಕೊಟ್ಟ ಮೇಡಂ,
ರಾಜಲಕ್ಷ್ಮಿ, ಫೇರ್‌ಫ್ಯಾಕ್ಸ್