ಔಷಧಿ ಇಲ್ಲದ ಕಣಗಳು

ಆಗಸ್ಟ್ 4, ಭಾನುವಾರ, ಸಂಜೆ

ಬೆಳಿಗ್ಗೆ ಲ್ಯಾಬ್‌ಗೆ ಹೋಗಿ ಜೀವಕೋಶಗಳಿಗೆ ಹೊಸ ಮೀಡಿಯಾ, ಅವು ಬೆಳೆಯುವ ದ್ರವ, ಹಾಕಿ, ಮೈಸೂರಿಂದ ಊರಿಗೆ ಎಚ್.ಡಿ. ಕೋಟೆ ಬಸ್ ಹತ್ತಿದೆ. ಊರಿನ ಸಂಘದವರ ಸನ್ಮಾನ. ಪಿಎಚ್‌ಡಿ ಮುಗಿಯುವ ಮೊದಲೇ ಹಾರ, ಶಾಲು, ಮೈಸೂರು ಪೇಟ! ಬೇಡ ಅಂದೆ... ಅವ್ವ ಕೇಳಬೇಕಲ್ಲ.

ಮೈಕ್ ಕೊಟ್ಟರು. ಪಾಲಿಮರ್ ನ್ಯಾನೊಕಣ ಅಂದರೆ ಯಾರಿಗೆ ಅರ್ಥವಾಗಬೇಕು? ‘ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಉಂಡೆ. ಒಳಗೆ ಔಷಧಿ. ನೇರ ಕ್ಯಾನ್ಸರ್ ಗಡ್ಡೆಗೇ ಹೋಗುತ್ತೆ. ಕೂದಲು ಉದುರಲ್ಲ, ವಾಂತಿ ಇಲ್ಲ’ ಅಂದೆ. ತಟ್ಟೆಯೊಳಗಿನ ಕೋಶಗಳ ಮೇಲಷ್ಟೇ ನೋಡಿದ್ದೇವೆ ಅನ್ನಲಿಲ್ಲ. ಜೋರು ಚಪ್ಪಾಳೆ. ಮುಂದಿನ ಸಾಲಲ್ಲಿ ದೊಡ್ಡವ್ವ, ತಲೆತುಂಬ ಸೆರಗು. ಎದೆಯ ಗಡ್ಡೆಗೆ ಕೀಮೋ ನಡೆಯುತ್ತಿದೆ, ಕೂದಲೆಲ್ಲ ಹೋಗಿದೆ. ನನ್ನನ್ನೇ ನೋಡುತ್ತಿದ್ದಳು. ಖುಷಿಯಾಯಿತು, ಸುಳ್ಳೇಕೆ.

ಆಗಸ್ಟ್ 13

ಖಾಲಿ ಕಣಗಳ ಪರೀಕ್ಷೆ ಬಾಕಿ ಇತ್ತು. ಔಷಧಿ ತುಂಬದೆ ಬರೀ ಉಂಡೆ ಹಾಕಿ ನೋಡುವುದು. ಮೊದಲೇ ಮಾಡಬೇಕಾದ ಕೆಲಸ. ಅದರಲ್ಲೇನು ಮಹಾ ಅಂತ ಮುಂದೂಡಿದ್ದೆ.

ಕ್ಯಾನ್ಸರ್ ಕೋಶಗಳು ಸತ್ತಿವೆ. ಔಷಧಿ ತುಂಬಿದಾಗ ಸತ್ತಷ್ಟೇ. ಪಕ್ಕದ ತಟ್ಟೆಯಲ್ಲಿ ಅದೇ ಉಂಡೆ ಹಾಕಿದ್ದ ಲಿವರ್‌ನ ಒಳ್ಳೆಯ ಕೋಶಗಳೂ ಸತ್ತಿವೆ.

ಅಂದರೆ ಇಷ್ಟು ದಿನ ಕೊಂದದ್ದು ಔಷಧಿಯಲ್ಲ. ಅದನ್ನು ಹೊರುವ ಉಂಡೆ. ವಿಷ ಅದೇ. ಥೂ.

ಆಗಸ್ಟ್ 19

ಹೊಸ ಬ್ಯಾಚ್, ಚೆನ್ನಾಗಿ ತೊಳೆದು ಹಾಕಿದೆ. ಅದೇ ಕಥೆ. ಪಾಲಿಮರ್ ಕೋಶದ ಪೊರೆಯನ್ನೇ ಹರಿದುಹಾಕುತ್ತಿದೆ. ಗೈಡ್ ಬಯ್ಯಲಿಲ್ಲ. ‘ಈಗಲಾದರೂ ಗೊತ್ತಾಯ್ತಲ್ಲ, ಪಾಲಿಮರ್ ಬದಲಾಯಿಸಿ’ ಅಂದರು. ಅವರಿಗೇನು, ಅವರು ಕೋಟೆಯಲ್ಲಿ ಪೇಟ ಹಾಕಿಸಿಕೊಂಡಿಲ್ಲ.

ಸೆಪ್ಟೆಂಬರ್ 6, ಗೌರಿ ಹಬ್ಬ, ಅಂತರಸಂತೆ

ದೊಡ್ಡವ್ವನ ಮನೆ. ಸೊಪ್ಪು ಹದಮಾಡುವ ಬ್ಯಾರನ್ ಗೂಡಿನಲ್ಲಿ ಹೊಗೆಸೊಪ್ಪು ಬೇಯುತ್ತಿದೆ, ಊರೆಲ್ಲ ಅದರದೇ ವಾಸನೆ. ದೊಡ್ಡವ್ವ ಸೆರಗು ಸರಿಸಿ ತಲೆ ತೋರಿಸಿದಳು. ಸಣ್ಣಗೆ ಕೂದಲು ಮೊಳೆತಿದೆ.

‘ನೋಡವ್ವ, ಬತ್ತಾ ಅದೆ.’

‘ಕೀಮೋ ಮುಗೀತಾ ದೊಡ್ಡವ್ವ?’

‘ಎಲ್ ಮುಗೀತದೆ? ನಾನೇ ಬುಟ್ಬುಟ್ಟೆ. ನಿಂದು ಬತ್ತದಲ್ಲ. ಅಲ್ಲೀಗಂಟ ಯಾಕ್ ಸುಮ್ನೆ ವಾಂತಿ ಮಾಡ್ಕೊಂಡ್ ಬಿದ್ದಿರ್ಲಿ?’

ಸನ್ಮಾನದ ದಿನದಿಂದ ಆಸ್ಪತ್ರೆ ಕಡೆ ಹೋಗೇ ಇಲ್ಲ! ಅವಳ ಮಗ ಕಾಂತರಾಜಣ್ಣನ ಮೇಲೆ ರೇಗಿದೆ. ‘ನೀನೇ ಅಂದ್ಯಲ್ಲ ಅನು, ಮೈಕಲ್ಲಿ’ ಅಂದ.

ಆಗಲೇ ಹೇಳಬೇಕಿತ್ತು. ‘ಇನ್ನೂ ಲೇಟಾಯ್ತದೆ, ಅಲ್ಲೀಗಂಟ ಆಸ್ಪತ್ರೇದೇ ತಕೋ’ ಅಂದೆ. ಲೇಟಾಗುವುದಕ್ಕೆ ಇದೇನು ಬಸ್ಸಾ?

‘ಕಾಯ್ತೀನಿ ಬುಡು’ ಅಂದು ಒಬ್ಬಟ್ಟಿಗೆ ತುಪ್ಪ ಹಾಕಿದಳು. ತಿಂದೆ. ಮಾನಗೆಟ್ಟವಳು, ಎರಡು ತಿಂದೆ.

ಸೆಪ್ಟೆಂಬರ್ 7

ಬೆಳಿಗ್ಗೆ ಹೇಳಿಬಿಟ್ಟೆ. ದೊಡ್ಡವ್ವ ಹೊಗೆಸೊಪ್ಪು ಕಡ್ಡಿಗೆ ಕಟ್ಟುತ್ತಿದ್ದಳು.

‘ನನ್ ಔಸ್ದಿ ಬರಾಕಿಲ್ಲ ದೊಡ್ಡವ್ವ. ಆ ಉಂಡೇಲೇ ವಿಷ ಅದೆ. ಪೂರ್ತಿ ನೋಡ್ದೇನೆ ಹೇಳ್ಬುಟ್ಟೆ.’

ಕೈ ನಿಲ್ಲಿಸಲಿಲ್ಲ. ಬಾಗಿಲತ್ತ ನೋಡಿ ದನಿ ತಗ್ಗಿಸಿದಳು.

‘ಊರಲ್ಲಿ ಇನ್ಯಾರ್ಗಾದ್ರೂ ಯೋಳಿದ್ದೀಯಾ?’

‘ಇಲ್ಲ.’

‘ಯೋಳ್ಬ್ಯಾಡ. ನಿಮ್ಮವ್ವ ಆ ಪೇಟನ ಶೋಕೇಸಲ್ಲಿ ಮಡುಗವ್ಳೆ.’

ಬಯ್ಯಬಾರದಿತ್ತೇ? ಕಪಾಳಕ್ಕೆ ಬಿಗಿದಿದ್ದರೂ ಹಗುರಾಗುತ್ತಿದ್ದೆ.

ಸೆಪ್ಟೆಂಬರ್ 9, ಮಧ್ಯಾಹ್ನ, ಮೈಸೂರು, ಆಸ್ಪತ್ರೆ

ದೊಡ್ಡವ್ವನನ್ನು ಕರೆತಂದೆ. ಸ್ಕ್ಯಾನ್ ಆಯಿತು. ಕುಗ್ಗಿದ್ದ ಗಡ್ಡೆ ಮತ್ತೆ ಬೆಳೆದಿದೆ. ಈಗ ಕಂಕುಳಲ್ಲೂ ಇದೆ.

‘ಯಾಕಮ್ಮ ನಿಲ್ಲಿಸಿದ್ರಿ? ಯಾರು ಹೇಳಿದ್ರು?’ ಡಾಕ್ಟರ್ ಕೇಳಿದರು.

‘ಯಾರೂ ಯೋಳ್ನಿಲ್ಲ ಸ್ವಾಮಿ. ಬ್ಯಾರನ್ ಕೆಲ್ಸ ಇತ್ತು, ನಾನೇ ಬರ್ನಿಲ್ಲ.’

ಚೆನ್ನಾಗಿ ಬಯ್ದರು. ಹೊಗೆಸೊಪ್ಪು ಹೆಚ್ಚೋ ಜೀವ ಹೆಚ್ಚೋ ಅಂದರು. ದೊಡ್ಡವ್ವ ‘ತಪ್ಪಾಯ್ತು’ ಅಂದಳು. ನನಗೆ ಬೀಳಬೇಕಾದ ಬೈಗುಳ. ಆಮೇಲೆ ಡಾಕ್ಟರ್ ನನ್ನತ್ತ ತಿರುಗಿ, ‘ಓದಿದವರ ಥರ ಕಾಣ್ತೀರಿ. ಇವರಿಗೆ ತಿಳಿಸಿ ಹೇಳಬಾರದಿತ್ತಾ?’

ಬಾಯಿ ತೆರೆದೆ. ದೊಡ್ಡವ್ವ ಮೇಜಿನ ಕೆಳಗೆ ನನ್ನ ಕೈ ಹಿಡಿದು ಒತ್ತಿದಳು.

‘ಹೇಳ್ತೀನಿ ಸರ್’ ಅಂದೆ. ಅಷ್ಟೇ ಅಂದೆ.

ಈಗ ಒಳಗೆ ಡ್ರಿಪ್ ಹಾಕಿದ್ದಾರೆ. ಪಕ್ಕದ ಬೆಡ್ಡಿನವರಿಗೆ ಅವಳು ಹೇಳುತ್ತಿರುವುದು ಇಲ್ಲಿಗೇ ಕೇಳುತ್ತಿದೆ... ‘ನಮ್ಮುಡ್ಗಿ ಕಣವ್ವ. ಇದ್ಕೆ ಔಸ್ದಿ ಕಂಡಿಡೀತಾವ್ಳೆ.’ ಆ ಬೆಡ್ಡಿನವರ ಮಗಳು ಎದ್ದು ನನ್ನ ಕಡೆಗೇ ಬರುತ್ತಿದ್ದಾಳೆ. ಇವಳಿಗಾದರೂ ಮೊದಲ ಮಾತಿಗೇ ಹೇಳಿಬಿಡಬೇಕು, ಔಷಧಿ ಸಿಕ್ಕಿಲ್ಲ, ಅದು ಬರೀ—