ಒಂದು ಬೆರಳಿನ ಸಡಿಲ

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ

ಪ್ರೀತಿಯ ಮಗಳೇ,

ಸೊಸೆ ಎಂದು ಬರೆಯಲು ಹೋದರೆ ಪೆನ್ನು ಮುಷ್ಕರ ಹೂಡುತ್ತದೆ, ಹಾಗಾಗಿ ಮಗಳೇ. ಹೇಗಿದ್ದೀಯಾ? ಕೆಮ್ಮು ಹೋಯಿತೇ? ದನಗಳಿಗೆ ಸೂಜಿ ಹಾಕಲು ಗುಡ್ಡದ ಮೇಲಿನ ಹಳ್ಳಿಗಳಿಗೆ ಈಗಲೂ ಬಸ್ಸಿಳಿದು ನಡೆದೇ ಹೋಗುತ್ತಿದ್ದೀಯಾ? ಪಶುವೈದ್ಯೆ ಎಂದ ಮಾತ್ರಕ್ಕೆ ಹಸು ಎಮ್ಮೆಗಳ ಮೈ ವಿಚಾರಿಸುತ್ತ ನಿನ್ನ ಮೈ ಮರೆಯಬೇಡ. ಮನೆಯಲ್ಲಿ ಅಪ್ಪ ಅಮ್ಮನಿಗೆ ನಮ್ಮ ನೆನಪು ಹೇಳು. ನಿಮ್ಮ ಅಪ್ಪ ಹೋದ ವಾರ ಫೋನ್ ಮಾಡಿದ್ದರು, ಆ ವಿಷಯ ಆಮೇಲೆ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಅತ್ತೆಗೆ ಮಂಡಿನೋವು, ನನಗೆ ಸೊಂಟನೋವು. ಅವಳದು ವಯಸ್ಸಿನಿಂದ ಬಂದದ್ದು, ನನ್ನದು ಜೀಪಿನಿಂದ.

ಹೋದ ತಿಂಗಳು ಬಂದಾಗ ನೀನು ಜೀಪನ್ನು ರಸ್ತೆಯ ಕೊನೆಯವರೆಗೆ ಓಡಿಸಿ ತಂದು, ‘ಮಾವ, ಸ್ಟೇರಿಂಗ್ ಕೈಲಿ ನಿಲ್ತಿಲ್ಲ, ಮುಂದಿನ ಟೈರು ಎರಡೂ ಒಳಗಡೆ ಸವೆದಿವೆ’ ಅಂದಿದ್ದೆ. ನೀನೇ ತಗೊಂಡು ಹೋಗಮ್ಮಾ, ಗುಡ್ಡ ಹತ್ತಲು ಆಗುತ್ತದೆ ಎಂದರೆ, ‘ಬೇಡ ಮಾವ, ಅವರು ನಿಲ್ಲಿಸಿದ ಜಾಗದಲ್ಲೇ ಇರಲಿ’ ಎಂದು ಬಸ್ಸು ಹತ್ತಿದೆ. ನಮ್ಮ ಹುಡುಗ ಜ್ವರವೆಂದು ಮಲಗಿ ಮತ್ತೆ ಏಳದೆ ಹೋಗಿ ಎರಡು ವರ್ಷವಾಯಿತು. ಬೆಳಗ್ಗೆ ಬಾಗಿಲು ತೆಗೆದು ಅಂಗಳದಲ್ಲಿ ಜೀಪು ನೋಡಿದಾಗಲೆಲ್ಲ, ಓ, ಮನೆಯಲ್ಲೇ ಇದ್ದಾನೆ ಎಂದು ಒಂದು ಕ್ಷಣ ಅನಿಸುತ್ತದೆ. ಆಮೇಲೆ ಇಡೀ ದಿನ ಕಳೆಯಬೇಕಲ್ಲ, ಅದೇ ಕಷ್ಟ. ಆದರೆ ನಮ್ಮ ಒಂದು ಕ್ಷಣದ ಸಮಾಧಾನಕ್ಕೆ ನೀನು ಗುಡ್ಡ ಹತ್ತಿ ಕಾಲು ಸವೆಸುವುದು ನ್ಯಾಯವಲ್ಲ. ಅದನ್ನು ಸರಿಮಾಡಿಸಿ ನಿನ್ನ ಕೈಗೆ ಒಪ್ಪಿಸಲೇಬೇಕು ಎಂದು ಮನಸ್ಸು ಗಟ್ಟಿಮಾಡಿಕೊಂಡೆ.

ಅಳೆದೂ ಸುರಿದೂ ಒಂದು ದಿನ ನಿನ್ನ ಅತ್ತೆಗೆ ಹೇಳಿದೆ, ಜೀಪನ್ನು ಚಕ್ರಗಳ ಅಲೈನ್‌ಮೆಂಟ್ ಮಾಡುವ ಅಂಗಡಿಗೆ ಒಯ್ಯುತ್ತೇನೆ ಎಂದು. ಗೇಟಿಗೆ ಅಡ್ಡ ನಿಂತಳು. ‘ಯಾರ್ಯಾರೋ ಅವನ ಸೀಟಲ್ಲಿ ಕೂರೋದು ಬೇಡ. ಏನು ಮಾಡೋದಿದ್ರೂ ಇಲ್ಲೇ, ನನ್ನ ಕಣ್ಣೆದುರಿಗೇ ಮಾಡಿ.’ ಜೀವಮಾನವೆಲ್ಲ ಅಂಗಿ ಪ್ಯಾಂಟು ಹೊಲಿದ ನನಗೆ ಚಕ್ರದ ಮರ್ಮ ಏನು ಗೊತ್ತು? ಪಕ್ಕದ ಮನೆಯ ಲಾರಿ ಡ್ರೈವರ್ ಕಾಂಪೌಂಡಿನ ಆಚೆಯಿಂದ ಪಾಠ ಮಾಡಿದ. ಎರಡು ಚಕ್ರಗಳನ್ನು ಜೋಡಿಸುವ ಉದ್ದನೆಯ ಸರಳು ಇದೆಯಲ್ಲ, ಟೈ ರಾಡ್, ಅದರ ಎರಡು ತುದಿಯ ಬೋಲ್ಟು ಸಡಿಲಿಸಿ ಸರಳನ್ನು ತಿರುಗಿಸಿದರೆ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ಹೊರಳುತ್ತದಂತೆ. ಟೈರಿನ ನಡುವೆ ಗೆರೆ ಎಳೆದು, ಗೆರೆಯಿಂದ ಗೆರೆಗೆ ಚಕ್ರದ ಮುಂದೊಮ್ಮೆ ಹಿಂದೊಮ್ಮೆ ಅಳೆಯಬೇಕು. ಮುಂದಿನ ಅಳತೆ ಕೂದಲೆಳೆಯಷ್ಟು ಕಡಿಮೆ ಬಂದರೆ ಗಾಡಿ ನೆಟ್ಟಗೆ ಓಡುತ್ತದೆ. ನಿನಗೆ ಇದೆಲ್ಲ ಗೊತ್ತು. ನಮ್ಮ ಹುಡುಗ ಕೆಳಗೆ ಮಲಗಿ ಸರಳು ತಿರುಗಿಸುವಾಗ ಟೇಪಿನ ಇನ್ನೊಂದು ತುದಿ ಹಿಡಿದು ಕೂರುತ್ತಿದ್ದವಳು ನೀನೇ ಅಲ್ಲವೇ? ಅವನ ಕಬ್ಬಿಣದ ಟೇಪು ಹುಡುಕಿದೆ, ಸಿಗಲಿಲ್ಲ. ಅದು ನಿನ್ನ ಹತ್ತಿರ ಇರಬೇಕು. ಕೇಳುತ್ತಿಲ್ಲಮ್ಮಾ, ಇಟ್ಟುಕೋ.

ಹಾಗಾಗಿ ನನ್ನ ಹೊಲಿಗೆಯ ಟೇಪೇ ಗತಿಯಾಯಿತು, ಗೆರೆ ಎಳೆಯಲು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ, ಆ ಜೀಪಿನ ಕೆಳಗೆ ನನಗೆ ಕೈಯೂ ಕೆಸರು, ಬಾಯಿಯೂ ಕೆಸರು. ನಿನ್ನ ಅತ್ತೆ ಮಂಡಿ ಹಿಡಿದುಕೊಂಡು ಟೇಪಿನ ಇನ್ನೊಂದು ತುದಿಗೆ ಕೂತಳು. ಅಳೆದೆವು, ತಿರುಗಿಸಿದೆವು, ಮತ್ತೆ ಅಳೆದೆವು, ಬೋಲ್ಟು ಬಿಗಿದೆವು. ಅವಳನ್ನು ಒಪ್ಪಿಸಿ ಜೀಪನ್ನು ಡ್ರೈವರನ ಕೈಗೆ ಕೊಟ್ಟರೆ ತಿರುವಿನಲ್ಲಿ ಟೈರು ಕಿರ್ರೋ ಎಂದು ಅತ್ತಿತು. ಅವನು ಇಳಿದು ನೋಡಿ, ‘ಯಜಮಾನ್ರೇ, ಎರಡು ಚಕ್ರನೂ ಒಂದರ ಮುಖ ಒಂದು ನೋಡ್ಕೊಂಡು ಕೂತಿವೆ’ ಅಂದ. ನಾನು ಅಂಗಳ ಸಮವಿಲ್ಲ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಿನ್ನ ಅತ್ತೆ ಎಲ್ಲರೆದುರೇ ಮರ್ಯಾದೆ ತೆಗೆದಳು.

ಮತ್ತೆ ಅಳೆಯಲು ಕೂತೆವು. ಆಗ ಅವಳು ಒಮ್ಮೆಲೇ, ‘ಏನ್ರೀ, ಜೀಪಿಗೆ ಅಂಗಿ ಹೊಲೀತೀರಾ? ತೆಗೀರಿ ಆ ಬೆರಳು!’ ಎಂದು ಕೂಗಿದಳು. ನೋಡಿಕೊಂಡರೆ ಟೇಪಿನ ಕೆಳಗೆ ನನ್ನ ಬೆರಳು! ಕತ್ತಿನ ಅಳತೆ, ಎದೆಯ ಅಳತೆ ತೆಗೆಯುವಾಗ ಉಸಿರಾಡಲು ಇರಲಿ ಎಂದು ಟೇಪಿನ ಕೆಳಗೆ ಒಂದು ಬೆರಳು ಇಟ್ಟು ಅಳೆಯುವುದು ನನ್ನ ಅಭ್ಯಾಸ. ಚಕ್ರದ ಹಿಂಬದಿ ಅಳೆಯುವಾಗ ಹೊಟ್ಟೆಯ ಮೇಲೆ ತೆವಳಬೇಕಿತ್ತು, ಬೆರಳಿಡಲು ತೋಚಲಿಲ್ಲ. ಮುಂಬದಿಯಲ್ಲಿ ಕುಕ್ಕರಗಾಲಲ್ಲಿ ಕೂತೊಡನೆ ಬೆರಳು ತಾನಾಗಿ ಹೋಗಿ ಸೇರಿಕೊಂಡು ಅಳತೆಯನ್ನು ಹೆಚ್ಚು ತೋರಿಸಿತ್ತು. ಆ ಹೆಚ್ಚನ್ನು ಕಳೆಯಲು ಹೋಗಿ ಚಕ್ರದ ಮೂತಿ ತಿರುಚಿಬಿಟ್ಟಿದ್ದೆ.

ನಿನ್ನ ಅತ್ತೆ ನಕ್ಕಳು. ಎರಡು ವರ್ಷದಲ್ಲಿ ಮೊದಲ ಸಲ ಆ ನಗು ಕೇಳಿದೆ ಮಗಳೇ. ನಾನು ಮತ್ತೆ ಕೆಳಗೆ ನುಸುಳಿ ಬೋಲ್ಟು ಸಡಿಲಿಸುತ್ತಿದ್ದೆ. ನಗು ಯಾವಾಗ ಅಳುವಾಯಿತೋ ಗೊತ್ತಾಗಲಿಲ್ಲ. ಏನಾಯಿತೇ ಎಂದರೆ, ‘ಇಲ್ಲಿ ಕೂತ್ರೆ ನಿಮ್ಮ ಪಾದ ಮಾತ್ರ ಕಾಣುತ್ತೆ ರೀ. ಥೇಟ್ ಅವನ ಪಾದ’ ಅಂದಳು. ನಾನು ಅಲ್ಲೇ ಮಲಗಿಕೊಂಡು ಅತ್ತುಬಿಟ್ಟೆ. ಮೇಲೆ ಇಂಜಿನ್, ಕೆಳಗೆ ಮಣ್ಣು, ಮುಖ ಯಾರಿಗೂ ಕಾಣುವಂತಿರಲಿಲ್ಲ. ಆಮೇಲೆ ಅವಳೇ ನಿನ್ನನ್ನು ನೆನೆದು, ‘ಆ ಮಗು ಈ ತುದಿ ಹಿಡ್ಕೊಂಡು ಒಬ್ಬಳೇ ಎಷ್ಟು ದಿನ ಕೂರ್ಬೇಕು ರೀ?’ ಅಂದಳು. ನಾನು ಸರಳು ತಿರುಗಿಸಿದೆ. ಈ ಸಲ ಅಳೆಯುವಾಗ ಬೆರಳಿಡಲಿಲ್ಲ.

ಜೀಪು ಈಗ ನೆಟ್ಟಗೆ ಓಡುತ್ತದೆ. ಡ್ರೈವರ್ ನೇರ ರಸ್ತೆಯಲ್ಲಿ ಸ್ಟೇರಿಂಗ್ ಮೇಲಿನ ಕೈ ಸಡಿಲಿಸಿ ತೋರಿಸಿದ, ಆ ಕಡೆ ಈ ಕಡೆ ಎಳೆಯಲಿಲ್ಲ. ವಾಪಸ್ಸು ತಂದವನಿಗೆ ನಿನ್ನ ಅತ್ತೆಯೇ, ಹಳೇ ಜಾಗದಲ್ಲಿ ಬೇಡ, ಗೇಟಿನ ಕಡೆ ಮುಖ ಮಾಡಿ ನಿಲ್ಲಿಸಪ್ಪಾ ಎಂದಳು. ಇನ್ನು ಬಂದು ತೆಗೆದುಕೊಂಡು ಹೋಗುವುದು ನಿನ್ನ ಕೆಲಸ. ಬೇಡ ಮಾವ ಎಂದರೆ ಈ ಸಲ ಕಿವಿ ಕೇಳಿಸುವುದಿಲ್ಲ.

ಮೈ ಜೋಪಾನ. ನೀನು ಹೋದ ದಾರಿಯೆಲ್ಲ ಒಳ್ಳೆಯದಾಗಲಿ, ನಮ್ಮಿಬ್ಬರ ಆಶೀರ್ವಾದ ಸದಾ ನಿನ್ನ ಮೇಲಿದೆ.

ನಿನ್ನ
ಮಾವ

ಮರೆತಿದ್ದೆ (ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ): ನಿಮ್ಮೂರಿನ ಆ ಲೆಕ್ಕದ ಮೇಷ್ಟ್ರು ನಿನ್ನನ್ನು ಮದುವೆಯಾಗುತ್ತೇನೆ ಎಂದು ಕೇಳಿದ್ದಾರೆ, ನೀನು ‘ಅಲ್ಲಿ ಇಬ್ಬರು ನನ್ನ ದಾರಿ ನೋಡ್ತಿರ್ತಾರೆ’ ಎಂದು ಒಲ್ಲೆ ಅಂದುಬಿಟ್ಟೆ ಎಂದು ನಿಮ್ಮ ಅಪ್ಪ ಹೇಳಿದರು. ದಾರಿ ನೋಡುತ್ತೇವಮ್ಮಾ. ಒಬ್ಬರ ಬದಲು ಇಬ್ಬರು ಬಂದರೂ ನೋಡುತ್ತೇವೆ. ಜೀಪಿಗೆ ಬರುವಾಗ ಅವರನ್ನೂ ಕರೆದುಕೊಂಡು ಬಾ, ಅಂಗಿಯ ಅಳತೆ ಬೇಕು. ನಮ್ಮ ಹುಡುಗನಿಗೆಂದು ತಂದು ಕತ್ತರಿ ಹಾಕದೆ ಇಟ್ಟಿದ್ದ ನೀಲಿ ಬಟ್ಟೆ ನಿನಗೆ ನೆನಪಿರಬಹುದು. ಸಂಜೆ ನಿನ್ನ ಅತ್ತೆ ಅದನ್ನು ಪೆಟ್ಟಿಗೆಯಿಂದ ತೆಗೆದು ನನ್ನ ಮೆಷಿನ್ ಮೇಲೆ ಇಟ್ಟು ಹೋದಳು.