ಹುಣಸೆ ನೀರು ಕುಡಿದ ಹೀಟರ್

೨ ಡಿಸೆಂಬರ್ ೧೯೭೩, ಭಾನುವಾರ

ಇದನ್ನು ಬರೆಯದೇ ಬಿಡೋಣ ಎಂದುಕೊಂಡಿದ್ದೆ. ಬೆಳಿಗ್ಗೆ ಕಾರು ಒರೆಸುವಾಗ ಮುಂದಿನ ಮ್ಯಾಟ್ ಎತ್ತಿದೆ. ಅಡಿಯಲ್ಲಿ ಕಂದು ನೀರು. ಎಂಜಿನ್ನಿನ ಬಿಸಿನೀರಿನಿಂದ ಕಾರಿನೊಳಗನ್ನು ಬೆಚ್ಚಗಿಡುವ ಹೀಟರ್ ಸೋರುತ್ತಿದೆ. ನೋಡಿ ನನಗೆ ಸಂತೋಷವಾಯಿತು.

ಬುಕ್ ಮಾಡಿ ವರ್ಷಗಟ್ಟಲೆ ಕಾದ ಮೇಲೆ ಇವರಿಗೆ ಕಡೆಗೂ ಸ್ಕೂಟರ್ ಅಲಾಟ್ ಆಗಿದೆ. ಪೆಟ್ರೋಲ್ ಬೆಲೆ ಏರಿದ್ದೇ ತಡ, ತೀರಿಹೋದ ಮಾವನವರ ಮಾರಿಸ್ ಮೈನರ್ ಕಾರನ್ನು ಮಾರುವುದೆಂದು ನಿಶ್ಚಯಿಸಿದರು. ಕೂನೂರಿನ ಎಸ್ಟೇಟ್ ಮ್ಯಾನೇಜರ್ ಒಬ್ಬರು ಕೊಳ್ಳಲು ಸಿದ್ಧ. ಒಂದೇ ಷರತ್ತು — ಹೀಟರ್ ಕೆಲಸ ಮಾಡಬೇಕು. ಅಲ್ಲಿ ಚಳಿ. ಮನೆಯ ಇಂಗ್ಲಿಷ್ ಪತ್ರಗಳೆಲ್ಲ ನನ್ನ ಪಾಲಿನವು. ಆ ಮ್ಯಾನೇಜರಿಗೆ ಉತ್ತರ ಬರೆಯಬೇಕಾದವಳೂ ನಾನೇ. ಕೆಟ್ಟಿದೆ ಎಂದು ಒಂದು ಸಾಲು ಬರೆದರೆ ಸಾಕು, ಕಾರು ಇಲ್ಲೇ ಉಳಿಯುತ್ತದೆ.

ಮಾರುವುದು ಬೇಡ ಎಂದು ಇವರಿಗೇ ಹೇಳಬಹುದಿತ್ತಲ್ಲ? ಹೇಳಲಿಲ್ಲ. ಬೆಂಗಳೂರಿನ ಈ ವಿಜಯನಗರದ ಸೈಟುಗಳು ಇನ್ನೂ ಖಾಲಿ ಇದ್ದ ಕಾಲದಲ್ಲಿ ಮಾವ ನನಗೆ ಡ್ರೈವಿಂಗ್ ಕಲಿಸಿದರು. ಆ ಸೀಟಿನಲ್ಲಿ ಕೂತಾಗ ಮಾತ್ರ ಯಾವ ಕಡೆ ತಿರುಗಬೇಕೆಂದು ಯಾರನ್ನೂ ಕೇಳದೆ ನಾನೇ ನಿರ್ಧರಿಸುತ್ತೇನೆ. ಈ ವಯಸ್ಸಿನಲ್ಲಿ ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ...

೫ ಡಿಸೆಂಬರ್, ಬುಧವಾರ

ಅತ್ತಿಗುಪ್ಪೆಯಿಂದ ಮೆಕ್ಯಾನಿಕ್ ಜಂಬಣ್ಣ ಬಂದ. ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ ನೋಡಿದ. ಹೀಟರಿನ ಎರಡೂ ಪೈಪು ಒಂದಕ್ಕೊಂದು ಸೇರಿಸಿ, ಈ ಡಬ್ಬ ಗುಜರಿಗೆ ಹಾಕಿ ಎಂದ. "ಬೆಂಗಳೂರಿಗೆ ಹೀಟರ್ ಯಾಕ್ರಮ್ಮಾ, ಅದರ ಮೇಲೆ ದೋಸೆ ಹುಯ್ತೀರಾ?"

ಒಳಗೊಳಗೇ ಹಗುರವಾದೆ. ಆಗ ಬಾಗಿಲಲ್ಲಿ ಅತ್ತೆ.

"ಗುಜರಿ ಆಮೇಲೆ. ಮೊದಲು ಬಿಚ್ಚಪ್ಪ, ಒಳಗೇನಾಗಿದೆ ನೋಡೋಣ."

ರೇಡಿಯೇಟರಿನ ನೀರು ಖಾಲಿ ಮಾಡಿದ. ಬ್ಯಾಟರಿ ವೈರು ತೆಗೆದ. ರಬ್ಬರ್ ಪೈಪುಗಳು ಒಣಗಿ ಕಲ್ಲಾಗಿದ್ದವು, ಕೊಯ್ದೇ ತೆಗೆಯಬೇಕಾಯಿತು. ನಟ್ಟು ಸಡಿಲಿಸುವಾಗ ಡಬ್ಬವನ್ನು ಕೆಳಗಿನಿಂದ ಹಿಡಿದುಕೊಂಡವಳು ನಾನು. ಕೈಗೆ ಬಂತು. ಅದರಲ್ಲಿ ಉಳಿದಿದ್ದ ನೀರೆಲ್ಲ ನನ್ನ ಸೀರೆಯ ಮೇಲೆ.

ಅತ್ತೆ ಅದನ್ನು ಜಗಲಿಯಲ್ಲಿ ಹಳೆಯ ಪೇಪರ್ ಹಾಸಿ, ಹಲಸಿನಹಣ್ಣು ಬಿಡಿಸುವವರಂತೆ ಕಾಲು ಚಾಚಿ ಕೂತು ಬಿಚ್ಚಿದರು. ಸ್ಕ್ರೂಗಳು ಒಂದು ತಟ್ಟೆಗೆ, ಫ್ಯಾನು ಇನ್ನೊಂದಕ್ಕೆ. ಒಳಗೆ ಪುಟ್ಟ ರೇಡಿಯೇಟರ್, ಹಿತ್ತಾಳೆಯದು. ಅದರ ಬಾಯಿಗೆ ಬೆರಳು ಹಾಕಿ ಬಿಳಿ ಹೊಪ್ಪಳೆ ತೆಗೆದು ನೋಡಿದರು.

ಬಾವಿ ನೀರಿನ ಸುಣ್ಣ, ಬಚ್ಚಲ ಹಂಡೆಯಲ್ಲೂ ಇದೇ ಕಟ್ಟುವುದು ಎಂದರು. ಮಾವ ಕಾರಿಗೆ ಕೊಳಾಯಿ ನೀರು ಹಾಕಿದವರೇ ಅಲ್ಲ. ಅದರಲ್ಲಿ ಔಷಧಿ ವಾಸನೆ ಅಂತ. ದಿನಾ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಬಾವಿಯಿಂದ ಸೇದಿ ತಂದು ಹಾಕುತ್ತಿದ್ದರು. ಅವರ ಅಷ್ಟು ವರ್ಷದ ಅಕ್ಕರೆಯೇ ಕೊಳವೆ ಕಟ್ಟಿಬಿಟ್ಟಿದೆ. ಅತ್ತೆ ಹೊಪ್ಪಳೆಯನ್ನು ಅಂಗೈಯಲ್ಲಿಟ್ಟು ನೋಡಿ, ಸ್ಕ್ರೂಗಳ ತಟ್ಟೆಯಲ್ಲಿ ಎತ್ತಿಟ್ಟರು.

೬ ಡಿಸೆಂಬರ್

ಹಂಡೆಗೆ ಮಾಡುವುದನ್ನೇ ಅತ್ತೆ ಇದಕ್ಕೂ ಮಾಡಿದರು. ಹಳೇ ಹುಣಸೆಹಣ್ಣು, ಬಿಸಿನೀರು. ನಾನು ಹಾಗೇ ಸುರಿಯಹೊರಟೆ. ತಡೆದರು. ನಾರು ಹೋಗಿ ಸಿಕ್ಕಿಕೊಂಡರೆ ತೆಗೆಯುವವರು ಯಾರು ಎಂದು ಪಂಚೆಯ ತುಂಡಿನಲ್ಲಿ ಎರಡು ಸಲ ಸೋಸಿದರು. ಒಂದು ಬಾಯಿ ಮುಚ್ಚಿ, ಇನ್ನೊಂದರಿಂದ ಲೋಟದಲ್ಲಿ ಹನಿಹನಿಯಾಗಿ — ಮಗುವಿಗೆ ಹಾಲು ಕುಡಿಸಿದ ಹಾಗೆ.

ಎಪ್ಪತ್ತು ದಾಟಿದವರು. ನಾನು ಕಾನ್ವೆಂಟಿನಲ್ಲಿ ಕೆಮಿಸ್ಟ್ರಿ ಓದಿದವಳು. ಆಸಿಡ್ ಎಂಬ ಹೆಸರು ಗೊತ್ತಿತ್ತು, ಅಷ್ಟೆ. ನಾಚಿಕೆ ಎನ್ನಿಸಲಿಲ್ಲ. ಪಕ್ಕದಲ್ಲೇ ಕೂತಿರಬೇಕು ಎನ್ನಿಸಿತು.

೯ ಡಿಸೆಂಬರ್, ಭಾನುವಾರ

ಸುರಿದ ನೀರು ಇವತ್ತು ತಿಳಿಯಾಗಿಯೇ ಹೊರಬಂತು. ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಮುಳುಗಿಸಿ, ಒಂದು ಬಾಯಿ ಬೆರಳಲ್ಲಿ ಒತ್ತಿ ಹಿಡಿದು ಇನ್ನೊಂದರಿಂದ ಊದಿದೆ. ಒಂದು ಮೂಲೆಯಿಂದ ಗುಳ್ಳೆ. ಸೋರುವ ಜಾಗ ಸಿಕ್ಕಿತು. ಜಂಬಣ್ಣ ಬೆಸುಗೆ ಹಾಕಿಕೊಟ್ಟ. ಹುಣಸೆಹಣ್ಣಿನ ವಿಷಯ ಕೇಳಿ ನಗಲು ಹೋದವನು ಕೊಳವೆಯೊಳಗೆ ಇಣುಕಿ ನೋಡಿ, ಎಷ್ಟು ಹಣ್ಣು ಹಾಕಿದಿರಿ ಎಂದು ಕೇಳಿದ. ಫ್ಯಾನಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆವು. ತಿರುಗಿತು. ಡಬ್ಬದ ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ ಕಪ್ಪು ಪೇಂಟ್ ಹೊಡೆದವಳು ನಾನು. ಉಗುರಿನ ಸಂದಿಯಲ್ಲಿ ಇನ್ನೂ ಇದೆ.

ಸರಿಹೋದರೆ ಕಾರು ಹೋಗುತ್ತದೆ. ಗೊತ್ತಿದ್ದೂ ಎರಡನೇ ಕೋಟ್ ಹೊಡೆದೆ. ಅತ್ತೆಯ ಎದುರು ಅರೆಬರೆ ಕೆಲಸ ಮಾಡಲು ಆಗುವುದಿಲ್ಲ.

೨೨ ಡಿಸೆಂಬರ್, ಶನಿವಾರ

ಇಷ್ಟು ದಿನ ಬರೆಯಲಿಲ್ಲ. ಹೊಸ ಪೈಪು ಸಿಗುವುದು ತಡವಾಯಿತು ಎಂಬುದು ಅರ್ಧ ನಿಜ. ಈ ನಡುವೆ ಕೂನೂರಿಗೆ ಒಂದು ಪತ್ರ ಬರೆದಿದ್ದೆ: ಹೀಟರ್ ರಿಪೇರಿಯಾಗುವ ಹಾಗಿಲ್ಲ. ಬರೆದೆ. ಹರಿದೆ.

ನಿನ್ನೆ ಕೂಡಿಸಿದೆವು. ಇವತ್ತು ಬೆಳಗಿನ ಮಂಜಿನಲ್ಲಿ ಅತ್ತೆಯನ್ನು ಕೂರಿಸಿಕೊಂಡು ಮಲ್ಲತ್ತಹಳ್ಳಿ ಕೆರೆಯ ಕಡೆ ಹೊರಟೆ. ಎಂಜಿನ್ ಬಿಸಿಯಾಗಲಿ ಎಂದು ಕಾದು ಸ್ವಿಚ್ ಹಾಕಿದೆ. ಮೊದಲು ಪೇಂಟಿನ ವಾಸನೆ. ಆಮೇಲೆ ಬೆಚ್ಚನೆಯ ಗಾಳಿ. ಅತ್ತೆ ಚಪ್ಪಲಿ ಬಿಟ್ಟು ಪಾದ ಮುಂದಕ್ಕೆ ಚಾಚಿದರು. ಕೆರೆ ಏರಿ ಬಂತು.

ಕೇಳಿಯೇಬಿಟ್ಟೆ — ಹೇಗೂ ಮಾರುವ ಕಾರು, ಇಷ್ಟೆಲ್ಲ ಯಾಕೆ ಮಾಡಿದಿರಿ?

"ಮಾರೋದಾದ್ರೂ ಕೆಟ್ಟಿದ್ದನ್ನ ಕೊಡಬಾರ್ದು." ಸ್ವಲ್ಪ ಬಿಟ್ಟು, "ಅವತ್ತು ಜಂಬಣ್ಣ ಗುಜರಿಗೆ ಹಾಕಿ ಅಂದಾಗ ನಿನ್ನ ಮುಖ ನೋಡ್ದೆ ಕಣೇ ಸತ್ಯಾ. ಕೆಟ್ಟಿದೆ ಅಂತ ಹೇಳಿ ಉಳಿಸ್ಕೋಬೇಡ. ಬೇಕು ಅಂತ ಹೇಳಿ ಉಳಿಸ್ಕೋ."

ಗೇರ್ ಬದಲಿಸಿದೆ.

೨೩ ಡಿಸೆಂಬರ್, ಭಾನುವಾರ

ಹೇಳಿದೆ. ಇವರಿಗೆ ಕಾಫಿ ಕೊಟ್ಟು, ಎದುರಿನ ಕುರ್ಚಿಯಲ್ಲಿ ಕೂತು. ಕಾರು ನನಗೆ ಬೇಕು ಎಂದೆ. ಕಾರಣ ಹೇಳಲು ಹೋಗಿ ಅಷ್ಟನ್ನೇ ಇನ್ನೊಂದು ಸಲ ಹೇಳಿದೆ.

ಇವರು ಪೇಪರ್ ಮಡಿಸಿಟ್ಟರು. "ಮೊದಲೇ ಹೇಳೋದಲ್ವಾ? ನಿನಗೂ ಹೊರೆ ಅಂದ್ಕೊಂಡಿದ್ದೆ." ಪೆಟ್ರೋಲ್ ಬಗ್ಗೆ ಗೊಣಗಿದರು. ಎರಡೂ ಇಟ್ಟುಕೊಳ್ಳಲು ಆಗದು, ಸ್ಕೂಟರು ಆಫೀಸಿನಲ್ಲಿ ಯಾರಿಗಾದರೂ ಬೇಕೇನೋ ಕೇಳುತ್ತೇನೆ ಎಂದರು. ಮುಖ ಸಪ್ಪಗಿತ್ತು. ನನ್ನ ಆಸೆಗೆ ಅವರ ಆಸೆ ಹೋಯಿತೇ? ಅದನ್ನೂ ಯೋಚಿಸಬೇಕು. ಎದ್ದು ಹೋಗುವಾಗ, ಆ ಕೂನೂರಿನವರಿಗೆ ನೀನೇ ಬರೆದುಬಿಡು ಎಂದರು.

ಬರೆದಾಯಿತು. ಹೀಟರ್ ಚೆನ್ನಾಗಿ ಕೆಲಸ ಮಾಡುತ್ತಿದೆ, ಕಾರು ಮಾರುವುದಿಲ್ಲ, ಕ್ಷಮಿಸಬೇಕು. ಲಕೋಟೆ ಅಂಟಿಸಿದೆ. ನಾಳೆ, ಸೋಮವಾರ, ಕಾರಿನಲ್ಲೇ ಹೋಗಿ ಪೋಸ್ಟ್ ಮಾಡುವುದು. ಅತ್ತೆಯೂ ಬರುತ್ತಾರಂತೆ, ಚಪ್ಪಲಿ ಬಿಟ್ಟು ಕೂರಲು.